ಮಿಂಚುಳ್ಳಿಯ ಹದಿನಾಲ್ಕು ದಿನ

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಚನ್ನಪ್ಪ ಮೇಷ್ಟ್ರು ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು. ಕೇರಿಯ ಅರ್ಧ ಜನ ಕೋರ್ಟು ಕಾಗದ, ಔಷಧಿ ಚೀಟಿ ಹಿಡಿದು ಅವರ ಜಗಲಿಗೇ ಬರುತ್ತಿದ್ದರು. ಕೆಟ್ಟ ಸುದ್ದಿಯನ್ನು ಅರ್ಧಕ್ಕೆ ಇಳಿಸಿ ಓದಿ ಹೇಳುವುದು ಮೇಷ್ಟ್ರ ಹಳೆಯ ಚಾಳಿ. ಪಾಪ, ಒಳ್ಳೆಯ ಮನಸ್ಸಿನ ಚಾಳಿಯೇ.

ತೊಂಬತ್ತೇಳರ ಡಿಸೆಂಬರ್ ಹದಿನೈದರಂದು ಆ ಚಾಳಿ ಸ್ವಂತ ಮನೆಗೇ ಕಾಲಿಟ್ಟಿತು. ಹೆಂಡತಿ ಪುಟ್ಟಲಕ್ಷ್ಮಿಯ ಎಡಗಡೆಯ ಎದೆಯಲ್ಲಿ ಗಂಟು ಕಾಣಿಸಿ, ಹಾಸನದ ಡಾಕ್ಟರು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇರಬಹುದು, ಹದಿನಾಲ್ಕು ದಿನ ಬಿಟ್ಟು ಬನ್ನಿ ಎಂದು ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಬರೀ ಕೊಬ್ಬಿನ ಗಂಟಂತೆ ಎಂದು ಮೇಷ್ಟ್ರು ಹೆಂಡತಿಗೆ ಕನ್ನಡದಲ್ಲಿ ಹೇಳಿದರು. ಅವಳು ತಲೆಯಾಡಿಸಿ ಬಸ್ಸು ಹತ್ತಿದಳು.

ಅದೇ ವಾರ ಹತ್ತನೇ ತರಗತಿಯ ಪಾಠದಲ್ಲಿ 'ಹ್ಯಾಲ್ಸಿಯನ್ ಡೇಸ್' ಎಂದು ಬಂತು. ಗೈಡಿನಲ್ಲಿ 'ನೆಮ್ಮದಿಯ ದಿನಗಳು' ಎಂದಷ್ಟೇ ಇತ್ತು. ಹಂಸ ಎಂಬ ಹುಡುಗಿ, ಆ ಪದ ಎಲ್ಲಿಂದ ಬಂತು ಎಂದು ಕೇಳಿದಳು. ಮೇಷ್ಟ್ರು ಲೈಬ್ರರಿಯ ದಪ್ಪ ನಿಘಂಟು ನೋಡಿಕೊಂಡು ಮರುದಿನ ಹೇಳಿದರು. ಹ್ಯಾಲ್ಸಿಯನ್ ಅಂದರೆ ಗ್ರೀಕರ ಮಾತಿನಲ್ಲಿ ಮಿಂಚುಳ್ಳಿ. ನಮ್ಮ ಹೇಮಾವತಿ ದಡದಲ್ಲಿ ಕೂರುತ್ತದಲ್ಲ, ಅಂಥದೇ ಹಕ್ಕಿ. ಗಂಡ ಕಡಲಲ್ಲಿ ಮುಳುಗಿ ಸತ್ತಾಗ ಹೆಣ್ಣೊಬ್ಬಳು ತಾನೂ ನೀರಿಗೆ ಹಾರಿದಳು. ದೇವರುಗಳು ಮರುಗಿ ಇಬ್ಬರನ್ನೂ ಮಿಂಚುಳ್ಳಿ ಮಾಡಿದರು. ಚಳಿಗಾಲದಲ್ಲಿ ಅವಳು ನೀರಿನ ಮೇಲೆ ಮೊಟ್ಟೆ ಇಡುವಾಗ, ಗಾಳಿಯ ದೊರೆಯಾದ ಅವಳ ಅಪ್ಪ ಗಾಳಿಯನ್ನೆಲ್ಲ ಕಟ್ಟಿಹಾಕುತ್ತಾನೆ. ವರ್ಷದ ಅತಿ ಚಿಕ್ಕ ಹಗಲಿನ ಹಿಂದೆ ಏಳು ದಿನ, ಮುಂದೆ ಏಳು ದಿನ. ಒಟ್ಟು ಹದಿನಾಲ್ಕು.

ಮೇಷ್ಟ್ರು ಅಲ್ಲಿಗೇ ಪುಸ್ತಕ ಮುಚ್ಚಿದರು.

"ಹದಿನೈದ್ನೇ ದಿನ ಏನಾಯ್ತದೆ ಸಾ?" ಎಂದಳು ಹಂಸ. ನಿಘಂಟಿನಲ್ಲಿ ಅದು ಇರಲಿಲ್ಲ.

ಮನೆಯಲ್ಲಿ ಮಾತ್ರ ಎಲ್ಲ ಎಂದಿನಂತೆ. ಪುಟ್ಟಲಕ್ಷ್ಮಿ ಧನುರ್ಮಾಸದ ರಂಗೋಲಿ ಬಿಟ್ಟಳು, ಮುದ್ದೆ ತಿರುವಿದಳು, ಸೊಪ್ಪಿನವಳ ಜೊತೆ ಜಗಳವಾಡಿದಳು. ಅವಳು ಎಡಗೈ ಎತ್ತಿದಾಗಲೆಲ್ಲ ಮೇಷ್ಟ್ರು ಬೇರೆ ಕಡೆ ನೋಡುತ್ತಿದ್ದರು. ಇವಳ ಪಾಲಿನ ಗಾಳಿಯನ್ನು ಕಟ್ಟಿ ಹಿಡಿದವನು ತಾನೇ ಎಂದುಕೊಂಡು, ಅನ್ನ ಸೇರದೆ ಒಂದೊಂದು ದಿನವನ್ನೂ ಸವೆಸಿದರು.

ಇಪ್ಪತ್ತೊಂಬತ್ತರ ಬೆಳಿಗ್ಗೆ, ಹಾಸನದಲ್ಲಿ ಟ್ರೈನಿಂಗ್ ಇದೆ ಎಂದು ಸುಳ್ಳು ಹೇಳಿ ಒಬ್ಬರೇ ಹೊರಟರು. ಪುಟ್ಟಲಕ್ಷ್ಮಿ ಆಗಲೇ ಒಳ್ಳೆ ಸೀರೆ ಉಟ್ಟಿದ್ದಳು. ಬಿಡಿಸಿದ ಅವರೆಕಾಳನ್ನು ನೀರಿಗೆ ಹಾಕಿ, ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ನೆನೆದ ಕಾಳನ್ನು ಹಿತುಕಿ ಸಾರು ಮಾಡುವುದು ಮಾರನೆಯ ದಿನಕ್ಕೆ.

"ನಾನೂ ಬತ್ತೀನಿ. ಆಸ್ಪತ್ರೆ ನರ್ಸಮ್ಮ ಅವತ್ತೇ ನಂಗೆ ಎಲ್ಲ ಹೇಳಿದ್ಲು. ನೀವು ಎದ್ರಕತ್ತೀರ ಅಂತ ಸುಮ್ಕಿದ್ದೆ ಕಣ್ರೀ."

ಮೇಷ್ಟ್ರಿಗೆ ನಿಂತಲ್ಲೇ ಕಣ್ಣು ತುಂಬಿತು. ಇಷ್ಟು ದಿನ ಗಾಳಿಯನ್ನು ಕಟ್ಟಿ ಹಿಡಿದು ಕೂತಿದ್ದವಳು ಅವಳು, ಅದೂ ತನಗಾಗಿ.

"ಕಾಗ್ದ ಮೊದ್ಲು ನೀವು ಓದ್ಬ್ಯಾಡಿ," ಎಂದಳು. "ಡಾಕ್ಟ್ರೇ ನಂಗೆ ಕನ್ನಡದಾಗೆ ಹೇಳ್ಲಿ."

ಬಸ್ಸಿನಲ್ಲಿ ಕಂಡಕ್ಟರ್ ಎಷ್ಟು ಟಿಕೆಟ್ ಎಂದು ಕೇಳಿದ. ಮೇಷ್ಟ್ರು, ಹಾಸನಕ್ಕೆ ಎರಡು ಎಂದರು.