ಚೇಳಿನ ಎದೆಯ ಬಣ್ಣಕ್ಕೆ ಎರಡು ಗುರುತು

ರಾಯಚೂರಿನಿಂದ ಯಾದಗಿರಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂಕಾಲು ತಾಸು. ಅಷ್ಟು ಹೊತ್ತೂ ಶರಣಪ್ಪ ಮಾಸ್ತರರು ನನ್ನ ಕ್ಯಾಮೆರಾ ಚೀಲದ ಮೇಲಿನ ಕಣ್ಣು ತೆಗೆಯಲಿಲ್ಲ. ಕೃಷ್ಣಾ ಸೇತುವೆ ಬಂದಾಗ ಡಬ್ಬಿಯವರೆಲ್ಲ ಹೊಳೆಗೆ ಕೈಮುಗಿದರು. ಮಾಸ್ತರರೂ ಮುಗಿದರು, ಆದರೆ ಓರೆಗಣ್ಣು ಚೀಲದ ಮೇಲೆಯೇ ಇತ್ತು. ನಾನು ಕೈಮುಗಿಯುವುದನ್ನೇ ಬಿಟ್ಟು ಅವರನ್ನು ನೋಡುತ್ತಾ ಕುಳಿತಿದ್ದೆ.

ಕಾರಣ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಸೈಜು ಹೊಟ್ಟೆಪಾಡಿಗೆ, ಚಟ ಮಾತ್ರ ಆಕಾಶದ್ದು. ವೃಶ್ಚಿಕ ರಾಶಿಯಲ್ಲಿ ಚೇಳಿನ ಎದೆಯ ಸುತ್ತ ಬಣ್ಣದ ಧೂಳಿನ ಮೋಡಗಳಿವೆ. ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ, ನಡುವೆ ಕಪ್ಪು ಎಳೆಗಳು. ಬರಿಗಣ್ಣಿಗೆ ಇವು ಕಾಣುವುದಿಲ್ಲ. ಒಳ್ಳೆಯ ಲೆನ್ಸು ಹಾಕಿ, ಕ್ಯಾಮೆರಾದ ಬಾಯನ್ನು ಎರಡು ಮೂರು ನಿಮಿಷ ತೆರೆದಿಟ್ಟರೆ ಬಣ್ಣ ಮೆಲ್ಲಗೆ ಒಳಗೆ ಇಳಿಯುತ್ತದೆ. ಹೋದ ವರ್ಷ ಆ ಪಟವನ್ನು ನಮ್ಮೂರಿನ ಒಂದು ಪ್ರದರ್ಶನದಲ್ಲಿ ತೂಗುಹಾಕಿದ್ದೆ. ನಿವೃತ್ತ ಡ್ರಾಯಿಂಗ್ ಮಾಸ್ತರರಾದ ಶರಣಪ್ಪನವರು ಅದರ ಮುಂದೆ ನಿಂತು, "ಇದು ಕಂಪ್ಯೂಟರ್ ಬಣ್ಣ. ಜನ್ಮ ಪೂರ್ತಿ ಬಣ್ಣ ಕಲಸೀನಿ, ನನಗ ಕಲಿಸ್ತೀಯೇನು?" ಎಂದು ಎಲ್ಲರೆದುರು ಪಟ ಕೆಳಗಿಳಿಸಿಬಿಟ್ಟರು. ಅವತ್ತಿನಿಂದ ಗಿರಾಕಿಗಳೂ, "ನಮ್ಮ ಅಳಿಯನ ಕೋಟಿಗೂ ಆ ಆಕಾಶದ ಬಣ್ಣ ಹಾಕ್ರಿ" ಎಂದು ನಗುತ್ತಾರೆ. ನನ್ನ ಮೈಯೆಲ್ಲ ಉರಿಯುತ್ತದೆ.

ಕಡೆಗೆ ಇಬ್ಬರ ನಡುವೆ ಪಂಥ ಬಿತ್ತು. ಅಮಾವಾಸ್ಯೆಯ ರಾತ್ರಿ, ಕತ್ತಲು ಇರುವ ಕಡೆ, ಮಾಸ್ತರರೇ ಕೊಂಡು ತಂದ ಹೊಸ ಮೆಮೊರಿ ಕಾರ್ಡಿನಲ್ಲಿ, ಅವರ ಕಣ್ಣೆದುರಿಗೇ ನಾನು ಫೋಟೊ ತೆಗೆಯಬೇಕು. ಬಣ್ಣ ಬಂದರೆ ಅವರ ಕೈಯಿಂದಲೇ ಪಟ ಮತ್ತೆ ಗೋಡೆಗೆ ಏರಬೇಕು. ಬರದಿದ್ದರೆ ನಾನು ಸುಳ್ಳುಗಾರನೆಂದು ಹತ್ತು ಜನರ ಮುಂದೆ ಒಪ್ಪಬೇಕು.

ಯಾದಗಿರಿಯಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸ್ಟೇಷನ್ನಿನ ಹೊರಗೆ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದೆವು. ಅಲ್ಲಿಂದ ಶಹಾಪುರದ ಬಸ್ಸು ಹತ್ತಿದೆವು. ಭೀಮಾ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚಿತ್ತು. ಮಾಸ್ತರರು, "ಸುರಪುರಕ್ಕ ಹೋಗೂಣು, ಗುಡ್ಡದ ಮ್ಯಾಲ ಛಲೋ ಗಾಳಿ ಇರ್ತೈತಿ" ಎಂದರು. ಸುರಪುರದ ಗುಡ್ಡದ ಕೆಳಗೇ ಊರು, ಊರ ತುಂಬ ದೀಪ. ಬಣ್ಣ ಬರಬಾರದೆಂದೇ ಹೂಡಿದ ಆಟ ಇದು ಎನ್ನಿಸಿತು. "ಬ್ಯಾಡ್ರಿ ಸರ, ಶಿರವಾಳದ ಕಡೆ ಹೋಗೂಣು, ಅಲ್ಲಿ ದೀಪ ಕಡಿಮಿ" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಲ್ಲೇ ಯಾಕ?" ಎಂದರು.

ಶಹಾಪುರದ ಲಾಡ್ಜಿನ ಮ್ಯಾನೇಜರನೂ ನಮ್ಮನ್ನು ಹಾಗೇ ನೋಡಿದ. "ಏನ್ ಕೆಲಸಕ್ಕ ಬಂದೀರಿ?" ಎಂದು ಕೇಳಿದ. ಚುಕ್ಕಿ ಫೋಟೊ ಎಂದೆವು. "ಅಮಾಸಿ ದಿನ?" ಎಂದವನು ಆಧಾರ್ ಕಾರ್ಡನ್ನು ಎರಡೆರಡು ಸಲ ತಿರುಗಿಸಿ ನೋಡಿ ಕೀಲಿಕೈ ಕೊಟ್ಟ.

ಸಂಜೆ ಟಂಟಂ ಆಟೊ ಹಿಡಿದು ಶಿರವಾಳಕ್ಕೆ ಹೋದೆವು. ಊರಲ್ಲಿ ಯಾರಿಗಾದರೂ ಹೇಳಿ ಹೋಗೋಣವೆಂದು ಮಾಸ್ತರರು ಅಂದರು. ನಾನೇ ಬೇಡವೆಂದೆ. ಲೆನ್ಸಿನ ಕಿಮ್ಮತ್ತು ಯಾರಿಗಾದರೂ ಗೊತ್ತಾದರೆ ಗತಿಯೇನು? ಯಾರಿಗೂ ತಿಳಿಯದಂತೆ ಊರ ಹೊರಗೆ, ಹಳೆಯ ಗುಡಿಯೊಂದರ ಆಚೆ, ಭತ್ತ ಕೊಯ್ದ ಗದ್ದೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಹೂಡಿದೆ. ಚುಕ್ಕಿಗಳ ಜೊತೆಜೊತೆಗೆ ಕ್ಯಾಮೆರಾವನ್ನು ತಿರುಗಿಸುವ ಪುಟ್ಟ ಯಂತ್ರವನ್ನು ಅದರ ಮೇಲೆ ಕೂಡಿಸಿದೆ. ಮಾಸ್ತರರು ಕೊಟ್ಟ ಕಾರ್ಡನ್ನು ಕ್ಯಾಮೆರಾದೊಳಗೆ ಹಾಕಿದೆ. ಬಿಳಿ ಬೆಳಕು ಕಣ್ಣಿಗೆ ಕತ್ತಲೆಯ ರೂಢಿ ಕೆಡಿಸುತ್ತದೆಂದು ಕೆಂಪು ದೀಪ ಹಚ್ಚಿದೆ. ಪೂರ್ವದ ಗುಡ್ಡದ ಮೇಲೆ ಚೇಳಿನ ತಲೆ, ಎದೆ ಎದ್ದು ನಿಂತಿದ್ದವು. ಇನ್ನೇನು ಶುರು ಮಾಡಬೇಕು, ಮುಖಕ್ಕೆ ರಪ್ಪನೆ ಬ್ಯಾಟರಿ ಬೆಳಕು ಹೊಡೆಯಿತು.

"ಅಳ್ಳಾಡಬ್ಯಾಡ್ರಿ! ಯಾರು ನೀವು?"

ಕೈಯಲ್ಲಿ ಕೋಲು ಹಿಡಿದ, ಅರವತ್ತರ ಹತ್ತಿರದ ಹೆಣ್ಣುಮಗಳು. ಹಿಂದೆ ಎರಡು ನಾಯಿ ಹಿಡಿದು ನಿಂತವನು ಅವಳ ಗಂಡ. ಹೆಣ್ಣುಮಗಳ ಹೆಸರು ಮಾಳವ್ವ ಎಂದು ಆಮೇಲೆ ತಿಳಿಯಿತು. ಪಕ್ಕದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಅವರ ಕುರಿ ಹಿಂಡು ತಂಗಿತ್ತು. ಮೂರು ದಿನದ ಹಿಂದೆ ಎರಡು ಕುರಿ ಕಳುವಾಗಿದ್ದವಂತೆ.

"ಚುಕ್ಕಿ ಫೋಟೊ ತೆಗಿಯಾಕ ಬಂದೀವ್ರಿ ಯವ್ವಾ" ಎಂದೆ.

"ಅಮಾಸಿ ಕತ್ತಲದಾಗ ಫೋಟೊ! ನನಗೇನು ತಲಿ ಇಲ್ಲಂತ ಮಾಡೀರೇನು? ಗುಡಿ ಮಗ್ಗಲಾಗ ಮಿಷನ್ ಇಟ್ಟು ಕೆಂಪು ದೀಪ ಹಚ್ಚೀರಿ. ಬಂಗಾರ ಹುಡುಕಾಕ ಬಂದೀರೋ, ನನ್ನ ಕುರಿ ಹೊಡಕೊಂಡು ಹೋಗಾಕ ಬಂದೀರೋ? ಎರಡರಾಗ ಒಂದು ಹೇಳ್ರಿ. ಇಲ್ಲಾಂದ್ರ ಊರು ಎಬ್ಬಸ್ತೀನಿ."

ಆಗ ಮಾಸ್ತರರು ನನ್ನ ಬೆನ್ನ ಹಿಂದೆ ಸರಿದು ಬಾಯಿ ಬಿಟ್ಟರು. "ಇವ ಸುಳ್ಳು ಹೇಳಾವ ಅಲ್ಲ ಯವ್ವಾ. ಆಕಾಶದಾಗ ಬಣ್ಣ ಐತಿ. ಇವ ಅದನ್ನ ತೆಗೀತಾನ. ದೇವರಾಣಿ ಖರೇ ಐತಿ."

ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. "ಈ ಮಾತು ಹೋದ ವರ್ಷ ಯಾಕ ಬರಲಿಲ್ರಿ ಸರ?" ಎಂದೆ.

"ಸುಮ್ನಿರೋ ಮಾರಾಯಾ, ಮೊದಲ ಜೀವ ಉಳೀಲಿ" ಎಂದರು.

ಮಾಳವ್ವ ಯಂತ್ರದ ಹೊಟ್ಟೆಯಲ್ಲಿರುವುದನ್ನು ತೆಗೆದು ತೋರಿಸು ಎಂದಳು. ಕಾರ್ಡು ತೆಗೆದು ಕೊಟ್ಟೆ, ಫೋಟೊ ಇದರಲ್ಲಿ ಕೂಡುತ್ತದೆ ಎಂದೆ. ಬ್ಯಾಟರಿ ಬೆಳಕಲ್ಲಿ ಅದನ್ನು ಹಿಂದೆ ಮುಂದೆ ಮಾಡಿ ನೋಡಿದವಳು ಹುಬ್ಬು ಗಂಟು ಹಾಕಿದಳು.

"ಇದರ ಮ್ಯಾಲ ಎರಡು ಗುರ್ತು ಅದಾವ. ಮೂಲ್ಯಾಗ ಒಂದು ಗೀರು, ಹಿಂದ ಒಂದು ಗೀರು. ನಮ್ಮ ಕುರಿ ಕಿವೀಗೆ ಮನಿಗೊಂದು ಗುರ್ತು ಕೊಯ್ದಿರ್ತೀವಿ. ಒಂದ ಕುರಿಗೆ ಎರಡು ಮನಿ ಗುರ್ತು ಬಿದ್ದಾವಂದ್ರ ಅದು ಕಳುವಿನ ಮಾಲು. ನಿಮ್ಮಿಬ್ಬರಾಗ ಕಳ್ಳ ಯಾರು?"

ನಾಯಿಗಳು ಗುರ್ ಎಂದವು. ಮೂಲೆಯ ಗೀರು ನನ್ನದು. ಯಾದಗಿರಿಯಲ್ಲಿ ಮಾಸ್ತರರು ಕಾರ್ಡಿದ್ದ ತಮ್ಮ ಚೀಲವನ್ನು ನನ್ನ ಹತ್ತಿರ ಬಿಟ್ಟು ನೀರು ಕುಡಿಯಲು ಹೋದಾಗ, ಕಡೇ ಗಳಿಗೆಯಲ್ಲಿ ಇವರು ಇದನ್ನು ಬದಲಿಸಿ ಕೆಟ್ಟ ಕಾರ್ಡು ಕೊಟ್ಟಾರೆಂದು ಪಿನ್ನಿನಿಂದ ಗೀರಿದ್ದೆ. ಹಿಂದಿನದು?

"ಅದು ನಂದು ಯವ್ವಾ" ಎಂದರು ಮಾಸ್ತರರು ತಲೆ ತಗ್ಗಿಸಿ. "ಇವ ಮೊದಲ ಬಣ್ಣ ತುಂಬಿದ ಕಾರ್ಡ್ ತಂದು ಬದಲಿ ಮಾಡ್ಯಾನಂತ ಮನ್ಯಾಗ ಗೀರಿದ್ದೆ."

"ಇನ್ನೊಂದು ನಂದ್ರಿ, ಪಿನ್ನಿಲೆ ಗೀರೀನಿ" ಎಂದೆ ನಾನು. ನಾಚಿಕೆಯಿಂದ ಸತ್ತಂತಾಯಿತು.

ಮಾಳವ್ವ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ಗೊಳ್ಳೆಂದು ನಕ್ಕಳು. "ಕಳ್ಳರು ಒಬ್ಬರನ್ನೊಬ್ಬರು ನಂಬತಾರ. ನೀವು ಕಳ್ಳರಲ್ಲ ಬಿಡ್ರಿ. ಆದ್ರ ಫೋಟೊ ನೋಡೂ ತನಕ ನಾ ಎದ್ದು ಹೋಗಾಕಿ ಅಲ್ಲ." ಗಂಡನನ್ನು ಹಿಂಡಿನ ಕಡೆ ಮಲಗಲು ಕಳಿಸಿ, ಬ್ಯಾಟರಿ ಆರಿಸಿ, ಬದುವಿನ ಮೇಲೆ ಕುಳಿತಳು.

ಕಾರ್ಡು ಹಾಕಿ ಗುಂಡಿ ಒತ್ತಿದೆ. ಮೂರು ನಿಮಿಷ. ಸ್ಟ್ಯಾಂಡು ಅಲುಗಿದ್ದರೆ? ಗಡಿಬಿಡಿಯಲ್ಲಿ ಲೆನ್ಸು ಕದಲಿದ್ದರೆ? ನನ್ನ ಮಾತು, ನನ್ನ ಅಂಗಡಿ, ಎಲ್ಲ ಆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿತ್ತು. ಟಕ್ ಎಂದಿತು. ಪರದೆಯಲ್ಲಿ ಚೇಳಿನ ಎದೆಯ ಸುತ್ತ ಅರಿಸಿನ ಕಲಸಿದಂಥ ಹಳದಿ, ಅದರಾಚೆ ತಿಳಿನೀಲಿ, ಕಪ್ಪು ಎಳೆಗಳು. ಮಾಸ್ತರರು ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು.

"ನೀಲಿ ನಾ ಕಂಡಿಲ್ಲಪ್ಪ" ಎಂದಳು ಮಾಳವ್ವ. "ಎದಿ ಚುಕ್ಕಿ ಕೆಂಪು ಇರೂದಂತೂ ಖರೆ. ಚೇಳಿನ ಕೊಂಡಿ ಗುಡ್ಡ ಬಿಟ್ಟು ಮ್ಯಾಲ ಬಂತಂದ್ರ ನಾ ಮಲಗೂದು, ಕಾವಲಕ್ಕ ನನ್ನ ಗಂಡ ಏಳೂದು. ದಿನಾ ನೋಡಾಕತ್ತೀನಿ."

"ಕೆಂಪು ಎಲ್ಲೈತಿ?" ಎಂದು ಮಾಸ್ತರರು ತಲೆಯೆತ್ತಿದರು. ಅವಳು ಕೋಲೆತ್ತಿ ತೋರಿಸಿದಳು. ಬಹಳ ಹೊತ್ತು ನೋಡಿದರು. "ಹೌದಲ್ಲ ಯವ್ವಾ" ಎಂದರು ಸಣ್ಣ ದನಿಯಲ್ಲಿ, "ಚುಕ್ಕಿ ಎಲ್ಲಾ ಬಿಳೇವು ಅಂತ ತಿಳದಿದ್ದೆ." ವರ್ಷದಿಂದ ಕುದಿಯುತ್ತಿದ್ದ ನನ್ನ ಸಿಟ್ಟು ಅಲ್ಲೇ ಇಳಿಯಿತು.

ಕೊಂಡಿ ಮೇಲೆ ಬಂದಾಗ ಮಾಳವ್ವ ಗಂಡನನ್ನು ಎಬ್ಬಿಸಿ ಮಲಗಿದಳು. ನಾವು ನಸುಕಿನವರೆಗೆ ಫೋಟೊ ತೆಗೆದೆವು. ಬೆಳಗ್ಗೆ ರೊಟ್ಟಿ, ಪುಂಡಿಪಲ್ಲೆ ಕೈಗಿಟ್ಟು, "ಒಂದು ಗುರ್ತು ಅಳಸ್ರಿ. ಎರಡಿದ್ರ ಎಂದಿದ್ರೂ ತಕರಾರು" ಎಂದಳು.

ಯಾದಗಿರಿಯಿಂದ ಮರಳುವ ರೈಲಿನಲ್ಲಿ ಎದುರಿಗೆ ಕುಳಿತವನೊಬ್ಬ ಪರದೆಗೆ ಇಣುಕಿ, "ಕಂಪ್ಯೂಟರ್‌ದಾಗ ಮಾಡೀರೇನ್ರಿ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು ಕೆಂಡವಾದರು. "ಏ ತಮ್ಮಾ, ನಾ ಮಗ್ಗಲಾಗ ನಿಂತಿದ್ದೆ! ನನ್ನ ಕಣ್ಣಮುಂದ ತೆಗದಾನ!"

"ನೀವು ಅವರ ಕಡಿಯವರು, ಹಂಗ ಅಂತೀರಿ" ಎಂದು ಅವನು ನಕ್ಕ.

ಕೃಷ್ಣಾ ಸೇತುವೆ ಬಂದಾಗ ಮಾಸ್ತರರು ನನ್ನತ್ತ ಕೈಚಾಚಿ, "ಆ ಪಿನ್ನು, ಕಾರ್ಡು ಕೊಡು" ಎಂದರು. ಹಿಂದಿನ ತಮ್ಮ ಗೀರನ್ನು ಕೆರೆದು ಕೆರೆದು ಅಳಿಸಿ, ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟರು. ಜೇಬಿಗೆ ಹಾಕುವ ಮುಂಚೆ ಮೂಲೆಯ ನನ್ನ ಗೀರು ಇದೆಯೋ ಎಂದು ನೋಡಿಯೇಬಿಟ್ಟೆ. ಹುಟ್ಟುಗುಣ, ಏನು ಮಾಡುವುದು!

"ಐತೇನು?" ಎಂದರು ಮಾಸ್ತರರು.

"ಐತ್ರಿ ಸರ."

"ಹಂಗಾರ ನಾಳೆ ಪಟ ತಗೊಂಡು ಬಾ. ಮೊಳಿ, ಸುತಗಿ ನಾ ತರ್ತೀನಿ."