ಇಲ್ಲದ ಮದಗುಣಕಿಯ ಕಲೆ

ಕಣ್ಣಿಗೆ ಕಂಡದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ ಎಂದು ವಾದಿಸುತ್ತಿದ್ದವನು ನಾನು. ದೆವ್ವ, ಶಕುನ ಎಂದವರನ್ನು ಕಂಡರೆ ನಗು ಬರುತ್ತಿತ್ತು. ಈಗ ಹಾಗೆ ನಗುವುದಿಲ್ಲ.

ಏಕೀಕರಣಕ್ಕೆ ಮುಂಚಿನ ಮಾತು. ಮುಂಬಯಿಯ ಔಷಧ ಕಾರ್ಖಾನೆಯೊಂದರಲ್ಲಿ ಪರೀಕ್ಷಕನಾಗಿದ್ದ ನಾನು ಗಜೇಂದ್ರಗಡಕ್ಕೆ ಮರಳಿ ಔಷಧದ ಅಂಗಡಿ ಇಟ್ಟಿದ್ದೆ. ಒಂದು ಬೆಳಿಗ್ಗೆ ರೋಣದಿಂದ ತಂಗಿಯ ಗಂಡ ಓಡಿಬಂದ. ತಂಗಿ ಗಂಗವ್ವ ದವಾಖಾನೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಡಬಡಿಸುತ್ತಿದ್ದಳು. ಹಿಂದಿನ ದಿನ ಅತ್ತೆ ಕಾಸಿಕೊಟ್ಟ ಕಷಾಯದಲ್ಲಿ ಉಳಿದಿದ್ದಷ್ಟನ್ನು ಅವನು ತಂದಿದ್ದ.

“ಮದಗುಣಕಿ ವಿಷ ಇರಬೇಕಂತಾರ್ರಿ ಡಾಕ್ಟರು. ಅದಕ್ಕೊಂದು ಇಂಜೆಕ್ಷನ್ ಐತಂತ. ವಿಷ ಅಲ್ಲದಿದ್ರ ಆ ಇಂಜೆಕ್ಷನ್ನಿಂದನ ಜೀವ ಹೋಗ್ತೈತಂತ. ಖಾತ್ರಿ ಮಾಡಿ ಹೇಳ್ರಿ ಮಾವಾರ.”

ಕಾಗದದ ಪಟ್ಟಿಗೆ ಒಂದು ಹನಿ ಇಟ್ಟು, ತುದಿ ದ್ರಾವಕಕ್ಕೆ ತಾಗುವಂತೆ ಗಾಜಿನ ಭರಣಿಯಲ್ಲಿ ನೇತುಹಾಕಿದರೆ, ದ್ರಾವಕದೊಂದಿಗೆ ಒಂದೊಂದು ವಸ್ತು ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ. ಅಯೋಡಿನ್ ಹೊಗೆ ಹಿಡಿದಾಗ ಕಂದು ಕಲೆಯಾಗಿ ಕಾಣುತ್ತದೆ. ಆದರೆ ಬೇರೆ ಯಾವುದೋ ಸಾರವೂ ಮದಗುಣಕಿಯ, ಅಂದರೆ ದತ್ತೂರಿಯ ವಿಷದಷ್ಟೇ ಎತ್ತರಕ್ಕೆ ಏರಬಹುದು. ಅದಕ್ಕೇ ಮೂರು ಪಟ್ಟಿ ಇಟ್ಟೆ. ಒಂದು ಮದಗುಣಕಿ ಬೀಜದ್ದು, ಇನ್ನೊಂದು ಗಂಗವ್ವ ಕುಡಿದ ಕಷಾಯದ್ದು. ಮೂರನೆಯದು, ಅವಳ ಅತ್ತೆ ಹಾಕಿದ್ದ ಶುಂಠಿ, ಮೆಣಸು, ಜೀರಿಗೆಯಿಂದಲೇ ನಾನು ಕಾಸಿದ, ವಿಷವಿಲ್ಲದ ಕಷಾಯದ್ದು. ಅದರಲ್ಲಿ ಆ ಎತ್ತರಕ್ಕೆ ಕಲೆ ಬೀಳದಿದ್ದರೆ ಮಾತ್ರ ಎರಡನೆಯದರ ಕಲೆಯನ್ನು ನಂಬಬಹುದು.

ದ್ರಾವಕಕ್ಕೆ ನಮ್ಮ ಅವಸರ ಗೊತ್ತಿಲ್ಲ. ತಂಗಿಯ ಗಂಡ ಬಾಗಿಲಲ್ಲಿ ಕೂತು, “ನಮ್ಮವ್ವ ಹಂಗ ಮಾಡಾಕಿ ಅಲ್ರಿ” ಎಂದು ಅಳುತ್ತಿದ್ದ. ಮಧ್ಯಾಹ್ನ ಹೊಗೆ ಹಿಡಿದೆ. ಮೂರೂ ಪಟ್ಟಿಗಳಲ್ಲಿ ಒಂದೇ ಎತ್ತರಕ್ಕೆ ಕಲೆ ಎದ್ದಿತ್ತು. ನಾನು ಬೀಜ ಮುಟ್ಟುವ ಮೊದಲೇ, ಬೇರೆ ಪಾತ್ರೆಯಲ್ಲಿ ಕಾಸಿಟ್ಟ ವಿಷವಿಲ್ಲದ ಕಷಾಯದಲ್ಲೂ.

ರೋಣಕ್ಕೆ ಹೋಗಿ, “ಹೇಳಾಕ ಬರೂದಿಲ್ರಿ” ಎಂದೆ. ಡಾಕ್ಟರು ಸೂಜಿ ಕೆಳಗಿಟ್ಟರು. ತಂಗಿಯ ಕೈ ಹಿಡಿದುಕೊಂಡು ಅವಳ ಸಾವಿಗಾಗಿ ಕಾಯುತ್ತ ಕೂತೆ. ಮರುದಿನ ಅವಳ ಮೈತುಂಬ ದಡಾರ ಎದ್ದಿತು. ಜ್ವರದ ತಾಪಕ್ಕೆ ಬಡಬಡಿಸಿದ್ದಳು. ಬದುಕಿಕೊಂಡಳು.

ಆಮೇಲೆ ಅದೇ ಶುಂಠಿ, ಮೆಣಸು, ಜೀರಿಗೆ ಕಾಸಿ, ಅದೇ ಕಾಗದದ ಮೇಲೆ ಎಷ್ಟೋ ಸಲ ನೋಡಿದೆ. ಆ ಎತ್ತರಕ್ಕೆ ಒಮ್ಮೆಯೂ ಕಲೆ ಬೀಳಲಿಲ್ಲ. ಆ ದಿನವೂ ಮೂರನೆಯ ಪಟ್ಟಿಯಲ್ಲಿ ಬೀಳದೆ ಹೋಗಿದ್ದರೆ ಸೂಜಿ ಚುಚ್ಚಿಸಿ ತಂಗಿಯನ್ನು ನಾನೇ ಕೊಲ್ಲುತ್ತಿದ್ದೆ. ಆದರೆ ಅವಳು ಕುಡಿದ ಕಷಾಯದಲ್ಲಿ ಎದ್ದದ್ದು ಯಾವುದರ ಕಲೆ? ಮತ್ತೆ ನೋಡೋಣವೆಂದರೆ ಒಂದು ಹನಿಯೂ ಉಳಿದಿರಲಿಲ್ಲ.

ಗಂಗವ್ವ ಗುಣವಾದ ಮೇಲೆ ಅತ್ತೆ ಕರೆದೊಯ್ಯಲು ಬಂದಳು. “ಭಾಳ ಸೊರಗೀಯವ್ವ. ಮನಿಗೆ ನಡಿ, ಗಂಜಿ ಕಾಸಿ ಕುಡಸ್ತೀನಿ” ಎಂದು ತಲೆ ಸವರಿದಳು. ತಂಗಿ ನನ್ನ ಮುಖ ನೋಡಿದಳು. ಹೋಗು ಎನ್ನಲೂ, ಬೇಡ ಎನ್ನಲೂ ನನ್ನಲ್ಲಿ ಕಾರಣವಿರಲಿಲ್ಲ. ಇಂದಿಗೂ ಇಲ್ಲ.