ನೀಲಮ್ಮತ್ತಿಯ ಕೈ, ಕೊಟ್ರಪ್ಪ ಕಾಕಾನ ಗಾಣ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹೊರಗೆ, ಮೆಕ್ಕೆಜೋಳದ ಲಾರಿಗಳು ತಿರುಗುವ ಮೂಲೆಯಲ್ಲಿ, ಬೇಸಿಗೆ ಬಂತೆಂದರೆ ಕಬ್ಬಿನ ಹಾಲಿನ ಗಾಡಿಯೊಂದು ಬಂದು ನಿಲ್ಲುತ್ತದೆ. ಅದರ ಗಾಲಿಗೆ ಗೆಜ್ಜೆ ಕಟ್ಟಿದ್ದಾರೆ. ಕಬ್ಬು ಉರುಳೆಗಳ ನಡುವೆ ಹೋಗುವಾಗ ಗೆಜ್ಜೆ ಘಲ್ ಘಲ್ ಅನ್ನುತ್ತದೆ. ಹಸಿ ಕಬ್ಬು, ಶುಂಠಿ, ನಿಂಬೆ, ಅದರೊಳಗೆ ಸಣ್ಣಗೆ ಸೇರಿಕೊಂಡ ಗ್ರೀಸು, ಎಲ್ಲದರ ವಾಸನೆ ರಸ್ತೆಯ ಈಚೆಯವರೆಗೂ ಬರುತ್ತದೆ. ಶಾಲೆ ಬಿಟ್ಟು ಬಸ್ಸಿಗೆ ಕಾಯುವಾಗ ನನ್ನ ಜೊತೆಯ ಟೀಚರುಗಳು ಒಂದೊಂದು ಗ್ಲಾಸು ಹಿಡಿದು ನೆರಳಿಗೆ ಸರಿಯುತ್ತಾರೆ. ನಾನು ಗಾಡಿಯವನ ಬೆರಳು ನೋಡುತ್ತ ನಿಂತುಬಿಡುತ್ತೇನೆ. ಕಬ್ಬಿನ ತುಂಡು ಸಣ್ಣದಾಗುತ್ತ ಹೋದಂತೆ ಅವನ ಬೆರಳು ಉರುಳೆಗೆ ಹತ್ತಿರವಾಗುತ್ತದೆ, ಇನ್ನೂ ಹತ್ತಿರವಾಗುತ್ತದೆ, ಕೊನೆಗೆ ಅವನು ಯಾರನ್ನೋ ಮಾತಾಡಿಸುತ್ತಲೇ ಕೈ ಹಿಂದಕ್ಕೆ ತೆಗೆಯುತ್ತಾನೆ. ಅಷ್ಟರಲ್ಲಿ ನನ್ನ ಅಂಗೈ ಬೆವತಿರುತ್ತದೆ. ಐವತ್ತು ದಾಟಿದ ಹೆಂಗಸು ಒಂದು ಗ್ಲಾಸು ಕಬ್ಬಿನ ಹಾಲಿಗೆ ಯಾಕೆ ಹೀಗೆ ಹೆದರುತ್ತಾಳೆ ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ನಮ್ಮ ಗಾಣದ ಮನೆಯ ಕಥೆಯನ್ನೆಲ್ಲ ಹೇಳಬೇಕಾಗುತ್ತಿತ್ತು.

ನಮ್ಮ ಊರು ಹಡಗಲಿ ಸೀಮೆಯದು, ತುಂಗಭದ್ರೆಯ ದಂಡೆ, ಮೈಲಾರಕ್ಕೆ ನಡೆದು ಹೋಗುವಷ್ಟು ಹತ್ತಿರ. ಕೂಡ್ಲಿಗಿ, ಕೊಟ್ಟೂರು ಕಡೆಯ ನಮ್ಮ ನೆಂಟರೆಲ್ಲ ಜೋಳ, ಸಜ್ಜೆ, ಶೇಂಗಾ ಬೆಳೆಯುವವರು. ಚಳಿಗಾಲಕ್ಕೆ ಬಂದರೆ ನಮ್ಮ ಹೊಲದ ಕಬ್ಬು ನೋಡಿ, "ನಿಮ್ದು ಬ್ಯಾರೆ ದೇಶ ಬಿಡ್ರಿ" ಅನ್ನುತ್ತಿದ್ದರು. ದೀಪಾವಳಿ ದಾಟಿತೆಂದರೆ ಮನೆ ಮಂದಿಯೆಲ್ಲ ಹೊಲದ ಗಾಣದ ಮನೆಗೇ ಸೇರುತ್ತಿದ್ದೆವು. ಅಪ್ಪ ಕೊಪ್ಪರಿಗೆಯ ಮುಂದೆ ನಿಂತು ಹಾಲು ಕುದಿಸಿ ಬೆಲ್ಲ ಇಳಿಸುತ್ತಿದ್ದ. ಅವ್ವ ಒಲೆಗೆ ಒಣಗಿದ ಸಿಪ್ಪೆ ಹಾಕುತ್ತಿದ್ದಳು. ಗಾಣಕ್ಕೆ ಕಬ್ಬು ಕೊಡುವವಳು ಅಪ್ಪನ ಅಕ್ಕ, ನಮ್ಮ ನೀಲಮ್ಮತ್ತಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು. ಆಗ ತಾಯಿಯಿಲ್ಲದೆ ಅಳುತ್ತಿದ್ದ ನಾಲ್ಕು ವರ್ಷದ ತಮ್ಮನನ್ನು ಸೊಂಟಕ್ಕೇರಿಸಿಕೊಂಡಳು. ಆ ತಮ್ಮನೇ ಕೊಟ್ರಪ್ಪ ಕಾಕಾ. ಅವನು ಮೀಸೆ ಬಂದ ಮೇಲೂ ಊಟಕ್ಕೆ ಕುಳಿತರೆ ಮೊದಲ ರೊಟ್ಟಿ ಮುರಿದುಕೊಡುತ್ತಿದ್ದವಳು ಅವಳೇ.

ಮೊದಲು ನಮ್ಮದು ಎತ್ತಿನ ಗಾಣ. ನಿಂತ ಉರುಳೆಗಳು ಕಿರ್ರೋ ಎನ್ನುತ್ತ ತಿರುಗುತ್ತಿದ್ದವು. ಎತ್ತು ನಿಂತರೆ ಗಾಣವೂ ನಿಲ್ಲುತ್ತಿತ್ತು. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. ಕೊಟ್ರಪ್ಪ ಕಾಕಾ ಹರಪನಹಳ್ಳಿಯ ಲೇತ್ ಅಂಗಡಿಯೊಂದರಲ್ಲಿ ಮೂರು ವರ್ಷ ಕೆಲಸ ಕಲಿತು ವಾಪಸು ಬಂದ. ಬರುವಾಗಲೇ ಆಯಿಲ್ ಎಂಜಿನ್ನು, ಮಲಗಿದ ಮೂರು ಉರುಳೆಗಳ ಕಬ್ಬಿಣದ ಗಾಣ ತಂದ. ಎಂಜಿನ್ನಿನಿಂದ ಗಾಣಕ್ಕೆ ಉದ್ದನೆಯ ಬೆಲ್ಟು. ದಗ್ ದಗ್ ಎನ್ನುವ ಆ ಸದ್ದಿಗೆ ನನ್ನ ಎದೆಯೊಳಗೇ ಯಾರೋ ಕುಟ್ಟಿದಂತಾಗುತ್ತಿತ್ತು. ಕಾಕಾನಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ನುಣುಪಾದ ಉರುಳೆಯ ಮೇಲೆ ಕಬ್ಬು ಜಾರುತ್ತದೆ ಎಂದು ಲೇತಿಗೆ ಒಯ್ದು ಉರುಳೆಗಳ ಮೈತುಂಬ ಗೆರೆ ಕೊರೆಸಿದ. ಉರುಳೆಗಳ ನಡುವಿನ ಸಂದು ಬಿಗಿ ಮಾಡಿದ. ಎಂಜಿನ್ನಿನ ಸಣ್ಣ ಗಾಲಿ ತೆಗೆದು ದೊಡ್ಡದು ಹಾಕಿ ವೇಗ ಏರಿಸಿದ. ಈಗ ಕಬ್ಬಿನ ತುದಿ ಮುಟ್ಟಿಸಿದರೆ ಸಾಕು, ಗಾಣವೇ ಅದನ್ನು ಸೆಳೆದುಕೊಳ್ಳುತ್ತಿತ್ತು. ಆಚೆ ಬೀಳುವ ಸಿಪ್ಪೆ ಹಪ್ಪಳದಂತೆ ಒಣಗಿರುತ್ತಿತ್ತು. ಸುತ್ತಿನ ಊರವರು ಬಂದು ನೋಡಿ ಹೊಗಳಿದರು. ಅವ್ವ ಒಬ್ಬಳೇ ಒಲೆಯ ಮುಂದಿನಿಂದ ಎದ್ದು ಬಂದು, ಆ ಗೆರೆಗಳನ್ನು ನೋಡಿ, "ಕೊಟ್ರಪ್ಪ, ಅದಕ್ಕ ಹಲ್ಲು ಕೊಟ್ಟಿಯಲ್ಲೋ" ಅಂದಳು. ಕಾಕಾ ನಕ್ಕ.

ಆ ದಿನದಿಂದ ನನಗೆ ಗಾಣದ ಮನೆಯೆಂದರೆ ಹೆದರಿಕೆ. ಉರುಳೆಗಳ ಸಂದು ಬಾಯಿಯಂತೆ ಕಾಣುತ್ತಿತ್ತು. ಹೊರಗಡೆ ಜೋಳದ ಹೊಲದಲ್ಲಿ ಹಕ್ಕಿ ಕೂಗುತ್ತಿರಬೇಕು, ಹೊಳೆಯಿಂದ ತಂಪು ಗಾಳಿ ಬರುತ್ತಿರಬೇಕು, ನನಗೆ ಅದೊಂದೂ ತಿಳಿಯುತ್ತಿರಲಿಲ್ಲ. ಅವ್ವ ನನ್ನ ಜಡೆಯನ್ನು ಬಿಗಿಯಾಗಿ ಸುತ್ತಿ ಕಟ್ಟದೆ ಒಳಗೆ ಬಿಡುತ್ತಿರಲಿಲ್ಲ. ನೀಲಮ್ಮತ್ತಿ ಸೆರಗನ್ನು ಎರಡು ಸುತ್ತು ಸೊಂಟಕ್ಕೆ ಸಿಕ್ಕಿಸಿ, ಉರುಳೆಯ ಮುಂದೆ ಕಲ್ಲಿನ ಮೇಲೆ ಕೂರುತ್ತಿದ್ದಳು. ಬಲಗೈಯಿಂದ ಕಬ್ಬು ನೂಕುವುದು, ಎಡಗೈಯಿಂದ ಮುಂದಿನದು ಎತ್ತುವುದು. ಇಡೀ ದಿನ ಹಾಗೇ. ಅವಳ ಕೈಗೂ ಉರುಳೆಗೂ ಗೇಣಿಗಿಂತ ಹೆಚ್ಚು ಜಾಗ ಇರುತ್ತಿರಲಿಲ್ಲ. ಆ ಗೇಣು ಜಾಗವನ್ನು ನೋಡಲಾರದೆ ನಾನು ಮುಖ ತಿರುಗಿಸುತ್ತಿದ್ದೆ. ತಿರುಗಿಸಿದರೆ ಇನ್ನೂ ಹೆದರಿಕೆಯಾಗಿ ಮತ್ತೆ ನೋಡುತ್ತಿದ್ದೆ.

ನನಗೆ ಒಂಬತ್ತು ವರ್ಷ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊಲಕ್ಕೆ ಓಡಿದೆ. ಲೆಕ್ಕದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿತ್ತು. ಸ್ಲೇಟು ಎತ್ತಿ ಹಿಡಿದು ಬಾಗಿಲಲ್ಲೇ ನಿಂತು, ಇದ್ದಷ್ಟೂ ದನಿ ಮಾಡಿ, "ಅತ್ತೀ!" ಎಂದು ಕೂಗಿದೆ. ಅವಳು ತಿರುಗಿದಳು. ನನ್ನನ್ನು ನೋಡಿ ನಕ್ಕಳು. ಆಮೇಲೆ ಆ ನಗು ಮುಖದ ಮೇಲೆ ಹಾಗೇ ನಿಂತು, ಬಾಯಿ ದೊಡ್ಡದಾಗಿ ತೆರೆಯಿತು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಎಂಜಿನ್ನಿನ ದಗ್ ದಗ್ ಒಂದೇ ಕೇಳುತ್ತಿತ್ತು. ಕಾಕಾ ಎಂಜಿನ್ನಿನ ಪಕ್ಕದಲ್ಲಿ ನಮಗೆ ಬೆನ್ನು ಮಾಡಿ ನೀರು ಹೊಯ್ಯುತ್ತಿದ್ದ. ಅವನಿಗೆ ಏನೂ ಗೊತ್ತಾಗಲಿಲ್ಲ. ಅವ್ವ ಹೇಗೆ ನೋಡಿದಳೋ, ಒಲೆ ಕೆದಕುವ ಕಬ್ಬಿಣದ ಹಾರೆಯನ್ನು ಹಿಡಿದುಕೊಂಡೇ ಓಡಿಬಂದು ಗಾಣದ ಹಲ್ಲುಗಾಲಿಯೊಳಗೆ ತುರುಕಿದಳು. ಹಲ್ಲು ಮುರಿದು ಬೆಲ್ಟು ಹಾರಿತು. ಗಾಣ ನಿಂತಿತು. ಆಗ ಕೇಳಿಸಿತು ಅತ್ತಿಯ ಕೂಗು.

ನಿಂತ ಗಾಣ ಹಿಂದಕ್ಕೆ ತಿರುಗುವಂಥದ್ದಲ್ಲ. ಮೇಲಿನ ಉರುಳೆಯ ಬೋಲ್ಟು ಬಿಚ್ಚಿಯೇ ಕೈ ಬಿಡಿಸಬೇಕು. ಪಾನಾ ಎಲ್ಲಿಟ್ಟಿದ್ದೆನೆಂದು ಕಾಕಾನಿಗೆ ನೆನಪಾಗಲೊಲ್ಲದು. ಅವನು ಹುಚ್ಚನಂತೆ ಡಬ್ಬಿಗಳನ್ನು ಸುರಿದು ಹುಡುಕಿದ. ಅತ್ತಿ ಅವನಿಗೇ ಸಮಾಧಾನ ಹೇಳಿದಳು. "ಗಡಿಬಿಡಿ ಮಾಡಬ್ಯಾಡೋ ತಮ್ಮಾ, ನಾ ಅದೀನಿ, ನಾ ಅದೀನಿ." ಬೋಲ್ಟು ಬಿಚ್ಚುವಷ್ಟರಲ್ಲಿ ಅವಳು ಎಚ್ಚರ ತಪ್ಪಿದಳು. ಟ್ರ್ಯಾಕ್ಟರಿನಲ್ಲಿ ಹಡಗಲಿಗೆ ಒಯ್ದರು. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು. ಹೆಬ್ಬೆರಳು, ತೋರುಬೆರಳು ಉಳಿದವು.

ಮರುದಿನ ಬೆಳಿಗ್ಗೆ ಕಾಕಾ ಇರಲಿಲ್ಲ. ಅವನ ಚಪ್ಪಲಿ ಗಾಣದ ಮನೆಯ ಮುಂದೆಯೇ ಇದ್ದವು. ಚಪ್ಪಲಿ ಬಿಟ್ಟು ಹೋದವನು ಎಲ್ಲಿಗೆ ಹೋದಾನು? ಅಪ್ಪ ಹೊಳೆಯ ಕಡೆ ನಡೆದ. ಮೀನುಗಾರರು ಹರಿಗೋಲು ಹಾಕಿದರು. ಎರಡು ದಿನ ನಮ್ಮೂರಿನವರು ದಂಡೆಯುದ್ದಕ್ಕೂ ಮಡುವುಗಳಲ್ಲಿ ಕೋಲಿಳಿಸಿ ನೋಡಿದರು. ನಾನು ದಂಡೆಯ ಮೇಲೆ ಅವ್ವನ ಸೀರೆ ಹಿಡಿದು ನಿಂತಿರುತ್ತಿದ್ದೆ. ಕೋಲು ಪ್ರತಿ ಸಲ ಮೇಲೆ ಬಂದಾಗಲೂ ಕಣ್ಣು ಮುಚ್ಚುತ್ತಿದ್ದೆ. ನನ್ನೊಳಗೆ ಒಂದು ಗುಟ್ಟಿತ್ತು. ಅತ್ತಿಯನ್ನು ಕರೆದವಳು ನಾನು. ಗದ್ದಲದಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಕಾಕಾ ಹೊಳೆ ಪಾಲಾಗಿದ್ದರೆ ಅದಕ್ಕೂ ನಾನೇ ಕಾರಣ. ಇದನ್ನು ಹೇಳಿಬಿಟ್ಟರೆ ಅವ್ವ ನನ್ನ ಕೈ ಬಿಡಿಸಿಕೊಳ್ಳುತ್ತಾಳೆ ಎಂದು ಇನ್ನೂ ಬಿಗಿಯಾಗಿ ಸೀರೆ ಹಿಡಿಯುತ್ತಿದ್ದೆ. ಮೂರನೆಯ ದಿನ ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದವರೊಬ್ಬರು ಸುದ್ದಿ ತಂದರು. "ನಿಮ್ಮ ಕೊಟ್ರಪ್ಪ ಲೇತ್ ಅಂಗಡಿಯಾಗ ಅದಾನ್ರಿ. ಬರಿಗಾಲಾಗ ಬಂದಾನ. ಉಣವೊಲ್ಲ, ಮಾತಾಡವೊಲ್ಲ, ತಗಡಿನ ಮ್ಯಾಲ ಗೆರಿ ಎಳಕೋತ ಕುಂತಾನ."

ಅತ್ತಿ ಆಸ್ಪತ್ರೆಯಿಂದ ಬಂದ ಮೇಲೂ ನಾನು ಅವಳ ಹತ್ತಿರ ಹೋಗುತ್ತಿರಲಿಲ್ಲ. ಬಿಳಿ ಬಟ್ಟೆ ಸುತ್ತಿದ ಆ ಕೈ ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಅವಳೇ ಕರೆದು ತಲೆ ಬಾಚಲು ಬಾಚಣಿಕೆ ಕೊಟ್ಟಳು. ಬೆನ್ನ ಹಿಂದೆ ನಿಂತಿದ್ದರಿಂದಲೋ ಏನೋ, ಗುಟ್ಟನ್ನು ಹೇಳಿಬಿಟ್ಟೆ. ಅವಳು ಹೇಳಿದಳು: "ನೀ ಕರೀದಿದ್ರ ಕಾಗಿ ಕರೀತಿತ್ತು. ಇಲ್ಲಾ ಒಂದು ಸೀನು ಬರ್ತಿತ್ತು. ಕರದ್ರ ತಿರುಗಿ ನೋಡೋದು ಮನಷ್ಯಾರ ಗುಣ, ಮಗಳ. ಅದನ್ನ ತಿಳಕೊಂಡು ಮಿಷನ್ ಮಾಡ್ಬೇಕಿತ್ತು." ಮರುದಿನ ಅಪ್ಪನನ್ನು ಹರಪನಹಳ್ಳಿಗೆ ಕಳಿಸಿದಳು. ತಮ್ಮನಿಗೆ ಹೇಳಿಕಳಿಸಿದ್ದು ಇಷ್ಟೇ ಮಾತು, ಇದೇ ಮಾತು.

ಕಾಕಾ ಮನೆಗೆ ಬಂದ. ಅಕ್ಕನ ಮುಖ ನೋಡದೆ ನೇರ ಗಾಣದ ಮನೆಗೆ ಹೋದ. ಆ ವರ್ಷ ಗಾಣ ತಿರುಗಲಿಲ್ಲ. ಮುಂದಿನ ಚಳಿಗಾಲದ ಹೊತ್ತಿಗೆ ಅವನು ಮೂರು ಕೆಲಸ ಮಾಡಿದ್ದ. ಉರುಳೆಯ ಬಾಯಿಗೆ ತಗಡಿನ ಉದ್ದನೆಯ ದೋಣಿ ಕೂರಿಸಿದ್ದ. ಕಬ್ಬನ್ನು ದೋಣಿಯೊಳಗೆ ಇಟ್ಟು ನೂಕಬೇಕು, ಕೈ ಉರುಳೆಯವರೆಗೆ ಹೋಗುವ ಹಾಗಿಲ್ಲ. ಕಬ್ಬು ಕೊಡುವವರ ಮೊಣಕಾಲಿಗೆ ತಾಗುವಂತೆ ಒಂದು ಹಲಗೆ. ಅದನ್ನು ಒತ್ತಿದರೆ ಬೆಲ್ಟು ಪಕ್ಕದ ಖಾಲಿ ಗಾಲಿಗೆ ಸರಿದು, ಎಂಜಿನ್ನು ಓಡುತ್ತಿದ್ದರೂ ಗಾಣ ನಿಲ್ಲುತ್ತದೆ. ಮತ್ತೆ ಉರುಳೆಯ ತುದಿಗೊಂದು ಹಿಡಿ, ಗಾಣವನ್ನು ಕೈಯಿಂದ ಹಿಂದಕ್ಕೆ ತಿರುಗಿಸಲಿಕ್ಕೆ. ಪಾನಾ ಹುಡುಕಿದ ಆ ಗಳಿಗೆ ಅವನನ್ನು ಬಿಟ್ಟಿರಲಿಲ್ಲ.

ಎಂಜಿನ್ನು ಮತ್ತೆ ಶುರುವಾದ ದಿನ ನಾನು ಅವ್ವನ ಹಿಂದೆ ಅಡಗಿದ್ದೆ. ನೀಲಮ್ಮತ್ತಿ ಎಲ್ಲರಿಗಿಂತ ಮೊದಲು ಬಂದು ಅದೇ ಕಲ್ಲಿನ ಮೇಲೆ ಕುಳಿತಳು. "ಬ್ಯಾಡ ಅಕ್ಕಾ" ಅಂದ ಕಾಕಾ. ಅವಳು ಕೇಳಲಿಲ್ಲ. ಗಾಣ ತಿರುಗುವ ಮೊದಲು, ಮೂರು ಬೆರಳಿಲ್ಲದ ಆ ಕೈಯನ್ನು ದೋಣಿಯೊಳಗೆ ಇಳಿಬಿಟ್ಟಳು. ಭುಜದವರೆಗೆ. ಅವ್ವ ಕಣ್ಣು ಮುಚ್ಚಿಕೊಂಡಳು. ಕೈ ಉರುಳೆಗೆ ಮುಟ್ಟಲಿಲ್ಲ. ಎಡಗೈಯನ್ನೂ ಬಿಟ್ಟು ನೋಡಿದಳು, ಮುಟ್ಟಲಿಲ್ಲ. ಕಾಕಾ ಉಸಿರು ಬಿಟ್ಟ. ಅವಳು ಮಾತ್ರ ತಲೆ ಅಲ್ಲಾಡಿಸಿದಳು. "ಎಲ್ಲಾರ ಕೈ ನನ್ನಷ್ಟ ಉದ್ದ ಇರತಾವನು? ಕುರಿ ಮೈಲಾರಪ್ಪನ್ನ ಕರಕೊಂಡು ಬಾ."

ಮೈಲಾರಪ್ಪ ಹೊಳೆಯಾಚೆ ಕುರಿ ಮೇಯಿಸುವವನು, ನಮ್ಮ ಸೀಮೆಗೇ ಎತ್ತರದ ಆಳು. ಬಂದು, ಕಂಬಳಿ ತೆಗೆದಿಟ್ಟು, ಹಣೆಯ ಭಂಡಾರ ಮುಟ್ಟಿಕೊಂಡು, ದೋಣಿಯೊಳಗೆ ಕೈ ಹಾಕಿದ. ಅವನ ಬೆರಳ ತುದಿ ಉರುಳೆಯ ಗೆರೆಗೆ ಸರಿಯಾಗಿ ಮುಟ್ಟಿತು. "ಮುಟ್ಟತೈತಿ ನೋಡವಾ" ಅಂದ. ಕಾಕಾ ಆವತ್ತೇ ದೋಣಿ ಬಿಚ್ಚಿ ಇನ್ನೂ ಒಂದೂವರೆ ಗೇಣು ಉದ್ದ ಮಾಡಿಸಲು ಒಯ್ದ.

ಉದ್ದ ಮಾಡಿದ ದೋಣಿ ಕೂರಿಸಿದ ಮೇಲೆ ಗಾಣ ತಿರುಗಿತು. ಅತ್ತಿ ಎಡಗೈಯಲ್ಲಿ ಕಬ್ಬು ನೂಕಿದಳು. ಕಬ್ಬು ಸರಸರನೆ ಒಳಗೆ ಹೋಗುತ್ತಿರುವಾಗ ಕಾಕಾ, "ಒತ್ತು!" ಎಂದ. ಮೊಣಕಾಲಿನಿಂದ ಹಲಗೆ ಒತ್ತಿದಳು. ಬೆಲ್ಟು ಸರಿಯಿತು. ಆದರೂ ಕಬ್ಬು ಇನ್ನೊಂದು ಗೇಣು ಒಳಗೆ ಹೋಗಿ ನಿಂತಿತು. ಅತ್ತಿ ಆ ಕಬ್ಬನ್ನೇ ನೋಡುತ್ತ ಕುಳಿತಳು. ಆಮೇಲೆ ತನ್ನ ಬಲಗೈ ಎತ್ತಿ ತಮ್ಮನ ಮುಂದೆ ಹಿಡಿದಳು. "ಇದು ಎಷ್ಟು ಹೋಗಿತ್ತು? ಅರ್ಧ ಗೇಣು. ಒಂದು ಗೇಣು ಭಾಳ ಆತೋ ಕೊಟ್ರಪ್ಪ." ಅವನು ಮೊದಲ ಸಲ ಆ ಕೈಯನ್ನು ನೇರವಾಗಿ ನೋಡಿದ. ಎರಡೂ ಕೈಯಲ್ಲಿ ಹಿಡಿದುಕೊಂಡು, ಗಾಣದ ಸಿಪ್ಪೆಯ ಮೇಲೆಯೇ ಕುಳಿತು, ಸಣ್ಣ ಮಗುವಿನಂತೆ ಅತ್ತ. ಅಪ್ಪ ಹೋಗಿ ಎಂಜಿನ್ನು ನಿಲ್ಲಿಸಿದ.

ಗಾಲಿಗೆ ಜಾಲಿ ಮರದ ತಡೆ ಹಾಕಿದ ಮೇಲೆ, ಹಲಗೆ ಒತ್ತಿದರೆ ಕಬ್ಬು ಎರಡು ಬೆರಳು ಮುಂದೆ ಹೋಗಿ ನಿಲ್ಲುತ್ತಿತ್ತು. ಅಷ್ಟಕ್ಕೆ ಅತ್ತಿ ಒಪ್ಪಿದಳು. ಕಾಕಾ ಆಮೇಲೆ ಹೊಳೆದಂಡೆಯ ಗಾಣಗಳಿಗೆಲ್ಲ ಅಲೆದ. ಹಗರಿಬೊಮ್ಮನಹಳ್ಳಿ ಕಡೆ ಕೆರೆಯ ಕೆಳಗಿನ ಒಂದೆರಡು ಗಾಣಗಳಿಗೂ ಹೋದ. ಕೆಲವರು ದೋಣಿ ಹಾಕಿಸಿಕೊಂಡರು. ಕೆಲವರು, "ಕೆಲಸ ತಡ ಆಗ್ತೈತಿ ಬಿಡೋ ಮಾರಾಯ" ಎಂದು ಕಳಿಸಿದರು. ಒಪ್ಪದವರ ಊರಿಗೆ ಅವನು ಎರಡನೆಯ ಸಲ ಹೋಗುವಾಗ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಅವಳು ಅಲ್ಲಿ ಏನೂ ಮಾತಾಡುತ್ತಿರಲಿಲ್ಲವಂತೆ. ಗಾಣದ ಮುಂದೆ ಕುಳಿತ ಹೆಂಗಸಿನ ಪಕ್ಕ ಹೋಗಿ ಕೂರುತ್ತಿದ್ದಳು, ಅಷ್ಟೇ. ಆ ಹೆಂಗಸು ಅವಳ ಕೈ ನೋಡಿ ಎದ್ದುಬಿಡುತ್ತಿದ್ದಳಂತೆ.

ಈಗ ಕಬ್ಬು ಬೆಳೆಯುವವರು ಕಡಿದು ಲಾರಿಗೆ ಹೇರಿ ಕಾರ್ಖಾನೆಗೆ ಕಳಿಸುತ್ತಾರೆ. ನಮ್ಮ ಹೊಲಕ್ಕೆ ಮೆಕ್ಕೆಜೋಳ ಬಂತು. ಕೊಪ್ಪರಿಗೆ ಎಮ್ಮೆಗೆ ನೀರು ಕುಡಿಸಲಿಕ್ಕಾಯಿತು. ಗಾಣದ ಮನೆಯ ಹುಲ್ಲಿನ ಸೂರು ಒಂದು ಗಾಳಿಗೆ ಕುಸಿದದ್ದನ್ನು ಯಾರೂ ಎತ್ತಿ ಕಟ್ಟಲಿಲ್ಲ. ಅಪ್ಪ, ಅವ್ವ ಹೋದರು. ಕಾಕಾ ಅಕ್ಕನಿಗಿಂತ ಮೊದಲೇ, ಒಂದು ಸಣ್ಣ ಜ್ವರಕ್ಕೆ ಹೋಗಿಬಿಟ್ಟ. ಅವನು ಹೋದ ಎರಡನೆಯ ವರ್ಷ ಗಾಣವನ್ನು ಗುಜರಿಗೆ ಕೊಡುವುದೆಂದಾಯಿತು. ಆವತ್ತು ನಾನು ಊರಿಗೆ ಹೋಗಿದ್ದೆ. ಟೆಂಪೋದಲ್ಲಿ ಮೂವರು ಬಂದರು. ನೀಲಮ್ಮತ್ತಿ ಬೇವಿನ ಕೆಳಗೆ ಹಾಸಿದ ಕೌದಿಯ ಮೇಲಿದ್ದಳು. ಆ ಹೊತ್ತಿಗೆ ಅವಳಿಗೆ ಕಣ್ಣು ಮಸುಕಾಗಿ ಮನುಷ್ಯರ ಗುರುತು ಸಿಗುತ್ತಿರಲಿಲ್ಲ, ಸದ್ದು ಮಾತ್ರ ತಿಳಿಯುತ್ತಿತ್ತು. ದೋಣಿ ಬಿಚ್ಚಿದರು, ತುಕ್ಕು ಹಿಡಿದ ಹಿಡಿ ಬಿಚ್ಚಿದರು. ಉರುಳೆಗಳನ್ನು ಒಂದೊಂದಾಗಿ ಹಗ್ಗ ಹಾಕಿ ಎಳೆದರು. ಮೂರನೆಯ ಉರುಳೆಯನ್ನು ಟೆಂಪೋ ಅಂಚಿಗೆ ಎತ್ತುವಾಗ ಅದು ಒಂದಿಷ್ಟು ಜಾರಿತು. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದಿಗೆ ಅವಳು ಕೌದಿಯ ಮೇಲಿಂದ ಎದ್ದು ಕುಳಿತಳು.

"ಲೇ ತಮ್ಮಾ, ಕೈ ನೋಡ್ಕೊಳೋ!" ಎಂದು ಕೂಗಿದಳು.

ಆ ಮೂವರೂ ಕೆಲಸ ನಿಲ್ಲಿಸಿ ಅವಳ ಕಡೆ ತಿರುಗಿದರು. "ಏನೂ ಆಗಿಲ್ಲಬೇ ಅಮ್ಮಾ, ಕೈ ಚಲೋ ಅದಾವು" ಎಂದ ಒಬ್ಬ. ಅವಳು ನಂಬಲಿಲ್ಲ. ಹತ್ತಿರ ಕರೆದಳು. ಅವನು ನಗುತ್ತ ಬಂದು ಮುಂದೆ ಕುಕ್ಕರಗಾಲಲ್ಲಿ ಕುಳಿತ. ಉಳಿದ ಎರಡು ಬೆರಳಿನಿಂದ ಅವಳು ಅವನ ಒಂದು ಕೈಯ ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದಳು, ಆಮೇಲೆ ಇನ್ನೊಂದು ಕೈ. ನಗುತ್ತ ಬಂದವನು ನಗು ನಿಲ್ಲಿಸಿ ಸುಮ್ಮನೆ ಕೈ ಕೊಟ್ಟು ಕುಳಿತಿದ್ದ. ಹತ್ತೂ ಮುಟ್ಟಿದ ಮೇಲೆ, "ಹೂಂ, ಹೋಗ್ರಿ" ಅಂದಳು.